ತೊಟ್ಟಿಲು ಕಡಿಮೆಯಾದುದಕ್ಕೆ ತಾಯಿಯೊಬ್ಬಳೇ ಹೊಣೆಯೇ?

ವಿವಾಹ ಸಿದ್ಧತಾ ಶಿಬಿರಗಳಲ್ಲಿ, ಧರ್ಮಕೇಂದ್ರದ ಪಾಲನಾ ಸಮಿತಿಯ ಸಭೆಗಳಲ್ಲಿ, ಕೆಲವೊಮ್ಮೆ ಪ್ರಬೋಧನಾ ಪೀಠದಿಂದಲೂ ಇತ್ತೀಚೆಗೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. "ಈಗಿನ ಹೆಣ್ಣುಮಕ್ಕಳಿಗೆ ಮಕ್ಕಳೇ ಬೇಡವಾಗಿದ್ದಾರೆ, ಓದು, ನೌಕರಿ, ಸ್ವಂತ ಸುಖ, ಇಷ್ಟೇ ಅವರಿಗೆ ಮುಖ್ಯ" ಎಂಬುದು ಆ ಮಾತು. ಹೇಳುವವರು ಬಹುಮಟ್ಟಿಗೆ ಗಂಡಸರು. ಅವರಲ್ಲಿ ಅವಿವಾಹಿತರಾದ ಗುರುಗಳೂ ಉಂಟು. ಕೇಳುತ್ತ ಕುಳಿತ ಹೆಂಗಸರು ಸಾಮಾನ್ಯವಾಗಿ ಉತ್ತರ ಕೊಡುವುದಿಲ್ಲ. ಅವರ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಈ ಆರೋಪ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಈ ವಾರ ವಾಚಕರ ಮುಂದಿಟ್ಟು ವಿಚಾರಿಸಬೇಕೆಂದಿದ್ದೇವೆ.

ಮೊದಲು ಸಂಗತಿ ಏನೆಂಬುದನ್ನು ನೋಡೋಣ. ಒಬ್ಬ ಸ್ತ್ರೀ ತನ್ನ ಹೆರುವ ವಯಸ್ಸಿನ ಅವಧಿಯಲ್ಲಿ ಸರಾಸರಿ ಎಷ್ಟು ಮಕ್ಕಳಿಗೆ ಜನ್ಮ ಕೊಡುತ್ತಾಳೆಂಬ ಲೆಕ್ಕವನ್ನು ಜನಸಂಖ್ಯಾ ಶಾಸ್ತ್ರಜ್ಞರು ಒಟ್ಟು ಫಲವತ್ತತೆ ದರವೆಂದು ಕರೆಯುತ್ತಾರೆ. ತಂದೆತಾಯಿಗಳ ಸ್ಥಾನವನ್ನು ಮುಂದಿನ ತಲೆಮಾರು ತುಂಬಬೇಕಾದರೆ ಇದು ಸುಮಾರು 2.1 ಇರಬೇಕು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಭಾರತದಲ್ಲಿ ಈ ದರ ಆರರ ಆಸುಪಾಸಿನಲ್ಲಿತ್ತು. 1992-93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ 3.4ಕ್ಕೆ ಇಳಿದಿತ್ತು; 2019-21ರ ಐದನೆಯ ಸಮೀಕ್ಷೆಯಲ್ಲಿ 2.0ಕ್ಕೆ ಬಂದು ನಿಂತಿತು. ಕರ್ನಾಟಕದಲ್ಲಿ ಅದೇ ಅವಧಿಯಲ್ಲಿ 2.9ರಿಂದ 1.7ಕ್ಕೆ ಇಳಿಯಿತು. ಕ್ರೈಸ್ತರ ದರ ದೇಶದಾದ್ಯಂತ 2.9 ಇದ್ದುದು 1.9 ಆಯಿತು, ಹಿಂದೂಗಳದು 3.3ರಿಂದ 1.9ಕ್ಕೆ, ಮುಸಲ್ಮಾನರದು 4.4ರಿಂದ 2.4ಕ್ಕೆ ಇಳಿಯಿತು. ಒಂದು ಸಮುದಾಯ ಬೆಳೆಯುತ್ತಿದೆ, ಇನ್ನೊಂದು ಕರಗುತ್ತಿದೆ ಎಂದು ಭೀತಿ ಹುಟ್ಟಿಸುವವರು ಈ ಅಂಕಿಗಳನ್ನು ಒಟ್ಟಿಗೆ ಓದುವುದಿಲ್ಲ. ಎಲ್ಲರ ಮನೆಯಲ್ಲೂ ತೊಟ್ಟಿಲು ಕಡಿಮೆಯಾಗಿದೆ, ಮುಸಲ್ಮಾನರ ಮನೆಗಳಲ್ಲಿ ಎಲ್ಲರಿಗಿಂತ ಹೆಚ್ಚು ವೇಗವಾಗಿ.

ಹಾಗಾದರೆ ಕಾರಣವೇನು? ಗುರುಮಠದಲ್ಲಿ ತತ್ತ್ವಶಾಸ್ತ್ರ ಕಲಿತವರಿಗೆ "ಕಾರಣ" ಎಂಬ ಪದ ಬಂದ ಕೂಡಲೇ ಅರಿಸ್ಟಾಟಲನ ನಾಲ್ಕು ಬಗೆಯ ಕಾರಣಗಳು ನೆನಪಾಗುತ್ತವೆ. ನಮ್ಮ ದೇಶದ ದಾರ್ಶನಿಕರು ಮಣ್ಣನ್ನೂ ಕುಂಬಾರನನ್ನೂ ಬೇರ್ಪಡಿಸಿ ತೋರಿಸಿದ ಉಪಾದಾನ, ನಿಮಿತ್ತಗಳೂ ನೆನಪಾಗುತ್ತವೆ. ಜನಸಂಖ್ಯಾ ಶಾಸ್ತ್ರವೂ ಇದೇ ಬಗೆಯ ವಿಂಗಡಣೆಯನ್ನು ಮಾಡಿಕೊಂಡಿದೆ. 1956ರಲ್ಲಿ ಕಿಂಗ್ಸ್‌ಲಿ ಡೇವಿಸ್ ಮತ್ತು ಜುಡಿತ್ ಬ್ಲೇಕ್, 1978ರಲ್ಲಿ ಜಾನ್ ಬೊಂಗಾರ್ಟ್ಸ್ ತೋರಿಸಿಕೊಟ್ಟಂತೆ, ಸಮೀಪದ ಕಾರಣಗಳು ಕೆಲವೇ ಕೆಲವು: ಮದುವೆಯಾಗುವ ವಯಸ್ಸು, ಗರ್ಭನಿರೋಧ, ಗರ್ಭಪಾತ, ಮೊಲೆಯೂಡಿಸುವ ಅವಧಿ ಮುಂತಾದವು. ವಿದ್ಯೆ, ಬಡತನ, ಧರ್ಮ, ನಗರವಾಸ ಇವೆಲ್ಲ ದೂರದ ಕಾರಣಗಳು. ಅವು ಯಾವುದೇ ಪರಿಣಾಮ ಉಂಟುಮಾಡಬೇಕಾದರೂ ಸಮೀಪದ ಕಾರಣಗಳಲ್ಲಿ ಒಂದರ ಮೂಲಕವೇ ಹಾದುಹೋಗಬೇಕು. ಈ ವಿವೇಚನೆ ಇಲ್ಲದೆ ಮಾತಾಡಿದರೆ ಒಬ್ಬರು ಟಿ.ವಿ.ಯನ್ನು ದೂರುತ್ತಾರೆ, ಇನ್ನೊಬ್ಬರು ಮೊಬೈಲನ್ನು.

ಗಾಳಿ ಕೆಟ್ಟಿದೆ, ತರಕಾರಿಯಲ್ಲಿ ವಿಷ ಸೇರಿದೆ, ಅದರಿಂದ ಹೆಂಗಸರಿಗೆ ಗರ್ಭ ನಿಲ್ಲುತ್ತಿಲ್ಲ ಎಂಬ ನಂಬಿಕೆ ವಿದ್ಯಾವಂತರಲ್ಲೂ ಹರಡಿದೆ. ಮಕ್ಕಳಾಗದ ದಂಪತಿಗಳ ನೋವು ನಿಜವಾದದ್ದು. ಮೂವತ್ತೈದು ದಾಟಿದ ಮೇಲೆ ಗರ್ಭಧಾರಣೆಯ ಸಾಧ್ಯತೆ ವೇಗವಾಗಿ ಇಳಿಯುತ್ತದೆಂಬುದೂ ವೈದ್ಯರು ಬಲ್ಲ ಸತ್ಯ. ಮಕ್ಕಳಾಗದಿರಲು ಎಷ್ಟೋ ದಂಪತಿಗಳಲ್ಲಿ ಗಂಡನ ದೇಹಸ್ಥಿತಿಯೂ ಕಾರಣವಾಗಿರುತ್ತದೆಂಬುದನ್ನು, ಸೊಸೆಯನ್ನು ಮಾತ್ರ ಆಸ್ಪತ್ರೆಗೆ ಅಟ್ಟುವ ಮನೆಗಳು ತಿಳಿದುಕೊಳ್ಳಬೇಕು. ಆದರೆ ಕರ್ನಾಟಕದ ದರ 1.7ಕ್ಕೆ ಇಳಿದದ್ದಕ್ಕೆ ಇದು ಉತ್ತರವಲ್ಲ. ಐದನೆಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ಸಂತಾನಶಕ್ತಿಹರಣ ಚಿಕಿತ್ಸೆ, ಅಂದರೆ ಜನರ ಮಾತಿನಲ್ಲಿ "ಆಪರೇಷನ್", ಮಾಡಿಸಿಕೊಂಡವರು. ಹೆಚ್ಚಿನವರು ಅದನ್ನು ಮಾಡಿಸಿಕೊಳ್ಳುವುದು ಇಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ಎರಡು ಹೆರಿಗೆಗಳಾದ ಮೇಲೆ. ಇವರು ಹೆರಲಾರದ ಸ್ತ್ರೀಯರಲ್ಲ. ಹೆತ್ತು, ಇಷ್ಟು ಸಾಕೆಂದು ನಿಲ್ಲಿಸಿದವರು. ಪ್ರಶ್ನೆ ಇರುವುದು ಅಲ್ಲಿ. ಅವರಿಗೆ ಎರಡು ಸಾಕೆನಿಸಿದ್ದೇಕೆ?

ಇದಕ್ಕೆ ಮೊದಲ ಉತ್ತರ ಪ್ರತಿ ಹಳೆಯ ಧರ್ಮಕೇಂದ್ರದ ಕಪಾಟಿನಲ್ಲೂ ಇದೆ. ದೀಕ್ಷಾಸ್ನಾನದ ಹಳೆಯ ದಾಖಲೆ ಪುಸ್ತಕಗಳನ್ನು ತೆರೆದರೆ ಒಂದೇ ತಂದೆತಾಯಿಗಳ ಹೆಸರು ಎರಡು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಹಿರಿಯರು ಅದನ್ನು ತೋರಿಸಿ, "ನೋಡಿ, ಆಗಿನ ವಿಶ್ವಾಸ!" ಎಂದು ಹೊಗಳುವುದುಂಟು. ಪಕ್ಕದಲ್ಲೇ ಇರುವ ಮರಣದ ದಾಖಲೆ ಪುಸ್ತಕವನ್ನು ಅವರು ತೆರೆಯುವುದಿಲ್ಲ. ಅದರಲ್ಲಿ ಅದೇ ತಂದೆತಾಯಿಗಳು ಮತ್ತೆ ಕಾಣಿಸಿಕೊಳ್ಳುತ್ತಾರೆ: ಎಂಟು ದಿನದ ಶಿಶು, ಮೂರು ತಿಂಗಳ ಶಿಶು, ಒಂದೂವರೆ ವರ್ಷದ ಮಗು. ತೀರಿಕೊಂಡ ಮಗುವಿಗಿಟ್ಟ ಅಂತೋಣಿ ಅಥವಾ ಮರಿಯಮ್ಮ ಎಂಬ ಹೆಸರನ್ನೇ ಮುಂದಿನ ಮಗುವಿಗೆ ಇಟ್ಟದ್ದೂ ಕಾಣುತ್ತದೆ. ಕೆಲವೊಮ್ಮೆ ಶಿಶುವಿನ ಹೆಸರಿನ ಕೆಳಗಿನ ಸಾಲಿನಲ್ಲಿ ತಾಯಿಯ ಹೆಸರೂ ಇರುತ್ತದೆ. ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದಿದವರು ಹಿಂದಿನ ಕಾಲದ ಬಹುಸಂತಾನವನ್ನು ಬರಿಯ ಔದಾರ್ಯವೆಂದು ಕರೆಯಲಾರರು. ಎಷ್ಟು ಉಳಿಯುತ್ತವೆಂದು ತಿಳಿಯದಿದ್ದಾಗ ಎಷ್ಟು ಬೇಕೆಂಬ ಲೆಕ್ಕ ಹುಟ್ಟುವುದೇ ಇಲ್ಲ.

ಕರ್ನಾಟಕದಲ್ಲಿ ತೊಂಬತ್ತರ ದಶಕದ ಆರಂಭದಲ್ಲೂ ಹುಟ್ಟಿದ ಸಾವಿರ ಶಿಶುಗಳಲ್ಲಿ 65 ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಐದನೆಯ ಸಮೀಕ್ಷೆಯ ಹೊತ್ತಿಗೆ ಆ ಸಂಖ್ಯೆ 25ಕ್ಕೆ ಇಳಿಯಿತು. ಲಸಿಕೆ, ಶುದ್ಧ ನೀರು, ಆಸ್ಪತ್ರೆಯಲ್ಲಿ ಹೆರಿಗೆ, ಹಳ್ಳಿಯ ದಾದಿಯರು ಮತ್ತು ಅಂಗನವಾಡಿ ಕಾರ್ಯಕರ್ತೆಯರ ಓಡಾಟ ಇವೆಲ್ಲ ಸೇರಿ ತಾಯಂದಿರಿಗೆ ಒಂದು ಭರವಸೆ ತಂದುಕೊಟ್ಟವು: ಹುಟ್ಟಿದ್ದು ಬದುಕುತ್ತದೆ. ಈ ಭರವಸೆ ಬಂದ ಮೇಲೆ ಆರು ಹೆರಬೇಕಾದ ಅಗತ್ಯ ತಾನಾಗಿಯೇ ಕಳಚಿಬಿತ್ತು. ಇದನ್ನು ಸ್ವಾರ್ಥವೆಂದು ಕರೆಯುವುದಕ್ಕೆ ನಮಗೆ ಮನಸ್ಸು ಬಾರದು.

ಹೆಂಗಸರ ಮನಸ್ಸಿನಲ್ಲಿ ಈ ಬಯಕೆ ಮೊನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿ ಲೋಕದ ಗಮನ ಸೆಳೆದಿತ್ತು. ಅದೇ ವರ್ಷದ ಕೊನೆಯ ದಿನ ಪೋಪ್ ಹನ್ನೊಂದನೆಯ ಪಿಯುಸ್‌ರವರು ಕೃತಕ ಗರ್ಭನಿರೋಧವನ್ನು ಖಂಡಿಸುವ ವಿಶ್ವಪತ್ರವನ್ನು ಹೊರಡಿಸಿದರು. ಇವೆರಡೂ ಒಂದೇ ವರ್ಷದಲ್ಲಿ ನಡೆದದ್ದು ಕೇವಲ ಕಾಕತಾಳೀಯ. ಇದಕ್ಕಿಂತ ಹೆಚ್ಚು ಕುತೂಹಲದ ಪ್ರಸಂಗ ಈಗಿನ ಬೆಂಗಳೂರು-ಮೈಸೂರು ಹೆದ್ದಾರಿಯ ಮೇಲಿರುವ ರಾಮನಗರದ್ದು. ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಕ್ರೈಸ್ತ ಮನೆತನದಲ್ಲಿ ಹುಟ್ಟಿ ಗಾಂಧೀಜಿಯವರ ಶಿಷ್ಯೆಯಾದವರು. ಅವರಿಗೆ ಸಂಯಮದ ಮಾರ್ಗವೊಂದೇ ಒಪ್ಪಿಗೆಯಾಗಿತ್ತು. ಅವರ ಕೋರಿಕೆಯ ಮೇರೆಗೆ ವಿಶ್ವ ಆರೋಗ್ಯ ಸಂಸ್ಥೆ 1951ರಲ್ಲಿ ಡಾ. ಅಬ್ರಹಾಂ ಸ್ಟೋನ್ ಎಂಬ ತಜ್ಞರನ್ನು ಕಳುಹಿಸಿತು. ದಿಲ್ಲಿಯ ಲೋದಿ ಕಾಲೊನಿಯಲ್ಲೂ ನಮ್ಮ ರಾಮನಗರದಲ್ಲೂ ದಿನಗಳ ಲೆಕ್ಕದ ಸ್ವಾಭಾವಿಕ ವಿಧಾನವನ್ನು ಪ್ರಯೋಗಕ್ಕಿಡಲಾಯಿತು.

ಓದು ಬಾರದ ಹೆಂಗಸರಿಗೆ ದಿನ ಎಣಿಸಲು ಬಣ್ಣಬಣ್ಣದ ಮಣಿಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ನಿರಾತಂಕದ ದಿನಕ್ಕೆ, ಕೆಂಪು ಮಣಿ ಗರ್ಭ ನಿಲ್ಲುವ ದಿನಕ್ಕೆ. ಜಪಸರ ಹಿಡಿಯುವ ನಮ್ಮವರಿಗೆ ಈ ಉಪಾಯ ಸೋಜಿಗವೆನಿಸದು. ಆರಂಭದಲ್ಲಿ ಕಲಿಯಬೇಕೆಂದು ಮುಂದೆ ಬಂದ ದಂಪತಿಗಳು ಬಹಳ ಮಂದಿ; ಕೊನೆಯವರೆಗೆ ಅನುಸರಿಸಿದವರು ಕೆಲವೇ ಮಂದಿ. ಪ್ರಯೋಗ ಸೋತಿತೆಂದು ಎಲ್ಲರೂ ಬರೆದಿದ್ದಾರೆ. ಆದರೆ ಆ ಸೋಲಿನೊಳಗೆ ಎರಡು ಸಂಗತಿಗಳಿವೆಯೆಂದು ನಮಗೆ ತೋರುತ್ತದೆ. ಎಪ್ಪತ್ತು ವರ್ಷಗಳ ಹಿಂದೆಯೇ, ಟಿ.ವಿ. ಇಲ್ಲದ, ನೌಕರಿಗೆ ಹೋಗದ, ಹೆಚ್ಚಿನಂಶ ಅಕ್ಷರ ಬಾರದ ಹಳ್ಳಿಯ ತಾಯಂದಿರು ಹೆರಿಗೆಗಳ ನಡುವೆ ಬಿಡುವು ಬಯಸಿದ್ದರೆಂಬುದು ಒಂದು. ಮಣಿ ಸರಿಸುವುದು ಹೆಂಡತಿಯ ಕೈಯಲ್ಲಿತ್ತು, ಆದರೆ ಕೆಂಪು ಮಣಿಯನ್ನು ಗೌರವಿಸುವುದು ಗಂಡನ ಕೈಯಲ್ಲಿತ್ತು ಎಂಬುದು ಮತ್ತೊಂದು. ಇಬ್ಬರ ಒಡಂಬಡಿಕೆ ಬೇಕಾದ ವಿಧಾನವನ್ನು ಒಬ್ಬಳಿಗೆ ಮಾತ್ರ ಕಲಿಸಿದರೆ ಫಲ ದೊರೆಯುವುದು ಕಷ್ಟ.

ಮುಂದಿನ ಮೂವತ್ತು ವರ್ಷಗಳಲ್ಲಿ ಹಳ್ಳಿಯ ಮನೆಯೊಳಗಿನ ಲೆಕ್ಕವೇ ಬದಲಾಯಿತು. ಇದನ್ನು ಬಹಳ ಹತ್ತಿರದಿಂದ ಕಂಡವರು ಆಸ್ಟ್ರೇಲಿಯಾದ ಜಾನ್ ಕಾಲ್ಡ್‌ವೆಲ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿಗಳು ಹಾಗೂ ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ. ಎಚ್. ರೆಡ್ಡಿಯವರು. ದಕ್ಷಿಣ ಕರ್ನಾಟಕದ ಕೆಲವು ಗ್ರಾಮಗಳಲ್ಲಿ ಮನೆಮನೆಗೆ ಹೋಗಿ ಕುಳಿತು ವಿಚಾರಿಸಿ ಅವರು ಬರೆದ ಗ್ರಂಥ 1988ರಲ್ಲಿ ಪ್ರಕಟವಾಯಿತು. ಅವರ ತೀರ್ಮಾನದ ತಿರುಳು ಇದು: ಮಗು ದುಡಿಯುವ ಕೈಯಾಗಿದ್ದ ಕಾಲ ಹೋಗಿ ಖರ್ಚಿನ ಬಾಬ್ತಾಗುವ ಕಾಲ ಬಂದಾಗ ಹೆರಿಗೆಗಳು ಕಡಿಮೆಯಾಗುತ್ತವೆ, ಆ ತಿರುವನ್ನು ತರುವುದು ಮುಖ್ಯವಾಗಿ ಶಾಲೆ.

ಇದು ನಮ್ಮ ಹಳ್ಳಿಗಳನ್ನು ಬಲ್ಲ ಯಾರಿಗೂ ಹೊಸತಲ್ಲ. ಏಳು ವರ್ಷದ ಹುಡುಗ ದನ ಕಾಯುತ್ತಿದ್ದ, ಎಂಟು ವರ್ಷದ ಹುಡುಗಿ ತಮ್ಮನನ್ನು ಕಂಕುಳಲ್ಲಿ ಹೊತ್ತು ಸೌದೆ ಆಯುತ್ತಿದ್ದಳು, ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದಳು. ಅಂಥ ಮನೆಯಲ್ಲಿ ಐದನೆಯ ಮಗು ಭಾರವಾಗುತ್ತಿರಲಿಲ್ಲ. ಯಾವಾಗ ಮಳೆ ಕೈಕೊಟ್ಟು, ಜಮೀನು ಅಣ್ಣತಮ್ಮಂದಿರಲ್ಲಿ ತುಂಡಾಗಿ, ಹೊಲವನ್ನೇ ನಂಬಿ ಬದುಕಲಾಗದೆಂದು ಖಚಿತವಾಯಿತೋ, ಆಗ ಮಗನಿಗೆ ಪಟ್ಟಣದಲ್ಲೊಂದು ಸಂಬಳದ ಕೆಲಸ ಬೇಕಾಯಿತು. ಸಂಬಳದ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಬೇಕಾಯಿತು, ಆಮೇಲೆ ಐಟಿಐ, ಆಮೇಲೆ ಪದವಿ. ಇಬ್ಬರನ್ನು ಓದಿಸಬಹುದು, ಆರು ಮಂದಿಯನ್ನು ಓದಿಸಲಾಗದು ಎಂಬ ಲೆಕ್ಕ ಬರಲು ಯಾವ ವಿದೇಶೀ ಸಂಸ್ಕೃತಿಯ ಪ್ರಭಾವವೂ ಬೇಕಿರಲಿಲ್ಲ. "ಕೀರ್ತಿಗೊಬ್ಬ ಮಗ, ಆರತಿಗೊಬ್ಬಳು ಮಗಳು" ಎಂಬ ನಾಡಿನ ಮಾತು ಸರ್ಕಾರದ ಕೆಂಪು ತ್ರಿಕೋನಕ್ಕೆ ಅಷ್ಟು ಸುಲಭವಾಗಿ ಹೊಂದಿಕೊಂಡದ್ದು ಸುಮ್ಮನೆ ಅಲ್ಲ.

ಈಗಂತೂ ಶಾಲೆಯ ಖರ್ಚು ಎಲ್.ಕೆ.ಜಿ.ಯಿಂದಲೇ ಆರಂಭವಾಗುತ್ತದೆ. ಪ್ರವೇಶದ ಹಣ, ಸಮವಸ್ತ್ರ, ವ್ಯಾನಿನ ಬಾಡಿಗೆ, ಟ್ಯೂಷನ್, ಮುಂದೆ ಸಿಇಟಿ, ನೀಟ್ ತರಬೇತಿ. ಈ ಖರ್ಚನ್ನು ವಸೂಲು ಮಾಡುವ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಕ್ರೈಸ್ತ ಸಂಸ್ಥೆಗಳವೂ ಸಾಕಷ್ಟಿವೆ ಎಂಬುದನ್ನು ಇಲ್ಲಿ ಹೇಳದೆ ಬಿಡುವುದು ಅಪ್ರಾಮಾಣಿಕತೆಯಾದೀತು. ಬೆಳಿಗ್ಗೆ ಪೂಜೆಯಲ್ಲಿ ಹೆಚ್ಚು ಮಕ್ಕಳನ್ನು ಹೆರಿರೆಂದು ಕೇಳಿಸಿಕೊಂಡ ತಾಯಿ ಅದೇ ಆವರಣದ ಶಾಲಾ ಕಚೇರಿಯ ಕಿಟಕಿಯ ಮುಂದೆ ಎರಡನೆಯ ಮಗುವಿನ ಶುಲ್ಕಕ್ಕೆ ಕಂತು ಕೇಳುತ್ತ ನಿಂತಿರುತ್ತಾಳೆ.

ಹೆಣ್ಣುಮಕ್ಕಳ ಓದಿನ ವಿಷಯ ಬೇರೆಯೇ ಆದದ್ದು. ಕರ್ನಾಟಕದಲ್ಲಿ 1991ರಲ್ಲಿ ಸ್ತ್ರೀಯರ ಸಾಕ್ಷರತೆ ನೂರಕ್ಕೆ 44 ಇದ್ದುದು 2011ಕ್ಕೆ 68 ಆಯಿತು. ದೇಶದಾದ್ಯಂತ, ಶಾಲೆಯ ಮೆಟ್ಟಿಲನ್ನೇ ಹತ್ತದ ಸ್ತ್ರೀಯರ ಫಲವತ್ತತೆ ದರ ಐದನೆಯ ಸಮೀಕ್ಷೆಯಲ್ಲಿ 2.8, ಹನ್ನೆರಡು ವರ್ಷ ಅಥವಾ ಅದಕ್ಕೂ ಹೆಚ್ಚು ಓದಿದವರದು 1.8. ಓದಿದ ಹುಡುಗಿ ತಡವಾಗಿ ಮದುವೆಯಾಗುತ್ತಾಳೆ, ಗಂಡನೊಂದಿಗೆ ಮಾತಾಡುತ್ತಾಳೆ, ಅತ್ತೆಯ ಮುಂದೆ ತನ್ನ ಅಭಿಪ್ರಾಯ ಹೇಳುತ್ತಾಳೆ. ಕಾಲ್ಡ್‌ವೆಲ್ ಮತ್ತು ರೆಡ್ಡಿಯವರು ಇನ್ನೊಂದು ಕಹಿ ಸಂಗತಿಯನ್ನೂ ಗುರುತಿಸಿದ್ದಾರೆ. ಹಿಂದೆ ಎಷ್ಟೋ ಜಾತಿಗಳಲ್ಲಿ ಗಂಡಿನ ಕಡೆಯವರೇ ತೆರ ಕೊಟ್ಟು ಹೆಣ್ಣು ತರುತ್ತಿದ್ದರು. ಅದು ಹೋಗಿ ವರದಕ್ಷಿಣೆ ಬಂತು. ವರದಕ್ಷಿಣೆ ಕೂಡಿಸುವತನಕ ಮಗಳು ಮನೆಯಲ್ಲಿ ಕಾಯಬೇಕಾಯಿತು, ಮದುವೆಯ ವಯಸ್ಸು ಏರಿತು. ಹೀಗೆ ಒಳ್ಳೆಯ ಕಾರಣವೂ ಕೆಟ್ಟ ಕಾರಣವೂ ಒಂದೇ ದಿಕ್ಕಿಗೆ ತಳ್ಳಿದವು. ಅದರ ಮಧ್ಯೆಯೂ, ಐದನೆಯ ಸಮೀಕ್ಷೆಯಂತೆ ನಮ್ಮ ರಾಜ್ಯದಲ್ಲಿ ಇಪ್ಪತ್ತರಿಂದ ಇಪ್ಪತ್ನಾಲ್ಕು ವಯಸ್ಸಿನ ಸ್ತ್ರೀಯರಲ್ಲಿ ಐವರಲ್ಲೊಬ್ಬಳ ಮದುವೆ ಹದಿನೆಂಟು ತುಂಬುವ ಮೊದಲೇ ನಡೆದುಹೋಗಿದೆ. ಮಗಳು ಓದಿ ಕೆಟ್ಟಳೆಂದು ಹಳಿಯುವವರು ಈ ಹುಡುಗಿಯರ ಕಡೆ ಒಮ್ಮೆ ನೋಡಬೇಕು.

ಸಾಕೆಂಬ ನಿರ್ಧಾರ ಗಂಡಹೆಂಡಿರಿಬ್ಬರದು ಎಂದಿಟ್ಟುಕೊಳ್ಳೋಣ. ಅದನ್ನು ನೆರವೇರಿಸುವ ಹೊರೆ ಯಾರ ಮೈಮೇಲೆ ಬಿದ್ದಿದೆ? ಕರ್ನಾಟಕದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸ್ತ್ರೀಯರು ನೂರಕ್ಕೆ 57 ಎಂದೆವು. ಗಂಡಸರ ಅಂಕಿ ಅದೇ ಸಮೀಕ್ಷೆಯಲ್ಲಿ 0.0. ಇದು ಮುದ್ರಣದೋಷವಲ್ಲ. ಗಂಡಸರ ಚಿಕಿತ್ಸೆ ಸುಲಭ, ಅಪಾಯ ಕಡಿಮೆ, ಹೊಟ್ಟೆ ಕೊಯ್ಯಬೇಕಾಗಿಲ್ಲ. ಆದರೂ ಹೀಗೇಕಾಯಿತೆಂಬುದಕ್ಕೆ ಒಂದು ಇತಿಹಾಸವಿದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ ಸುಮಾರು 83 ಲಕ್ಷ ಶಸ್ತ್ರಚಿಕಿತ್ಸೆಗಳು ನಡೆದವು. ಹೆಚ್ಚಿನವು ಗಂಡಸರಿಗೆ, ಅನೇಕ ಕಡೆ ಬಲಾತ್ಕಾರದಿಂದ. 1977ರ ಚುನಾವಣೆಯಲ್ಲಿ ಸರ್ಕಾರ ಬಿತ್ತು. ಆಮೇಲೆ ಬಂದ ಯಾವ ಸರ್ಕಾರವೂ ಗಂಡಸರ ತಂಟೆಗೆ ಹೋಗಲಿಲ್ಲ. ಸಿಟ್ಟಾಗಿ ಮತ ಹಾಕುವ ಗಂಡಸನ್ನು ಬಿಟ್ಟು, ಸಿಟ್ಟನ್ನು ನುಂಗಿಕೊಳ್ಳುವ ಹೆಂಗಸನ್ನು ಶಿಬಿರಕ್ಕೆ ಕರೆತಂದರು.

ಅದರ ಬೆಲೆ ಏನೆಂಬುದು 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸ್‌ಪುರದಲ್ಲಿ ಕಂಡಿತು. ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಸ್ತ್ರೀಯರಿಗೆ ಶಸ್ತ್ರಚಿಕಿತ್ಸೆ ನಡೆದು, ಹತ್ತಕ್ಕೂ ಹೆಚ್ಚು ತಾಯಂದಿರು ಪ್ರಾಣ ಬಿಟ್ಟರು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದು ಆದೇಶಿಸಬೇಕಾಯಿತು. ಹೆರುವುದೂ ಅವಳೇ, ಹೆರಿಗೆ ನಿಲ್ಲಿಸಿಕೊಳ್ಳುವುದೂ ಅವಳೇ, ಕೊನೆಗೆ ಹೆರಲಿಲ್ಲವೆಂದು ದೂರು ಕೇಳುವುದೂ ಅವಳೇ.

ಇನ್ನೊಂದು ಸಂಗತಿಯಲ್ಲಿ ನಮ್ಮ ಆತಂಕ ಬಹಳ ಆಳವಾದದ್ದು. ಮಕ್ಕಳು ಇಬ್ಬರೇ ಸಾಕೆಂದು ನಿರ್ಧರಿಸಿ, ಅವರಲ್ಲೊಂದು ಗಂಡಾಗಲೇಬೇಕೆಂಬ ಹಟವನ್ನು ಬಿಡದಿದ್ದರೆ, ಹುಟ್ಟಲಿರುವ ಹೆಣ್ಣುಮಗುವಿನ ಗತಿಯೇನು? ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು. 2001ರಲ್ಲಿ 946, 2011ರಲ್ಲಿ 948. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಷ್ಟು ಹಳೆಯದು. 2023ರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟುಕೊಂಡು ಭ್ರೂಣದ ಲಿಂಗ ಹೇಳುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಬೆಲ್ಲ ಕಾಯಿಸುವ ಮನೆ! ಗರ್ಭದಲ್ಲಿರುವ ಜೀವದ ಪಾವಿತ್ರ್ಯದ ಬಗ್ಗೆ ಮಾತಾಡುವ ಹಕ್ಕು ಧರ್ಮಸಭೆಗೆ ಇರುವುದು ಇಂಥ ಕಡೆ. ಆದರೆ ಇಲ್ಲಿಯೂ ಬಲಿಪಶು ಹೆಣ್ಣು, ಆ ಸ್ಕ್ಯಾನಿಂಗ್ ಹಾಸಿಗೆಯ ಮೇಲೆ ಒತ್ತಾಯದಿಂದ ಮಲಗಿಸಲ್ಪಟ್ಟ ತಾಯಿಯೂ ಎಷ್ಟೋ ಸಲ ಬಲಿಪಶುವೇ. ಗಂಡುಮಗ ಬೇಕೆಂಬ ಹಟ ಯಾರದೆಂದು ಕೇಳಿದರೆ, ಉತ್ತರಕ್ಕೆ ಆಸ್ಪತ್ರೆಗೆ ಹೋಗಬೇಕಾಗಿಲ್ಲ, ಮನೆಯ ಜಗುಲಿಯೇ ಸಾಕು.

ಧರ್ಮಸಭೆಯ ಬೋಧನೆಯೇನೆಂದು ಕೇಳುವ ವಾಚಕರಿದ್ದಾರೆ. 1968ರ ಜುಲೈ 25ರಂದು ಪೋಪ್ ಆರನೆಯ ಪೌಲರು ಹೊರಡಿಸಿದ "ಹ್ಯುಮಾನೆ ವಿಟೇ" ವಿಶ್ವಪತ್ರ ಕೃತಕ ಗರ್ಭನಿರೋಧವನ್ನು ನಿಷೇಧಿಸುತ್ತದೆಂಬುದು ಎಲ್ಲರಿಗೂ ಗೊತ್ತು. ತಕ್ಕ ಕಾರಣಗಳಿದ್ದಾಗ ದಂಪತಿಗಳು ನಿಸರ್ಗದ ಲಯವನ್ನು ಅನುಸರಿಸಿ ಹೆರಿಗೆಗಳ ನಡುವೆ ಅಂತರವಿಡಬಹುದೆಂದು ಅದೇ ಪತ್ರ ಹೇಳುತ್ತದೆಂಬುದು ಕೆಲವರಿಗೆ ಮಾತ್ರ ಗೊತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆಯಾಗಲಿ ಆ ಬಳಿಕ ಬಂದ ಪೋಪರಾಗಲಿ ದಂಪತಿಗಳಿಗೆ ಇಂತಿಷ್ಟು ಮಕ್ಕಳಿರಬೇಕೆಂಬ ಸಂಖ್ಯೆಯನ್ನು ನಿಗದಿ ಮಾಡಿಲ್ಲ. ಅವರು ಹೇಳಿದ್ದು ಹೊಣೆಯರಿತ ಪಿತೃತ್ವ-ಮಾತೃತ್ವದ ಬಗ್ಗೆ. ವಿಧಾನದ ವಿಚಾರದಲ್ಲಿ ನಾವು ಆ ಬೋಧನೆಯನ್ನೇ ಕಲಿಸುತ್ತೇವೆ. ಆದರೆ ವಿಧಾನದ ಪ್ರಶ್ನೆ ಬೇರೆ, ಸಂಖ್ಯೆಯ ಪ್ರಶ್ನೆ ಬೇರೆ. ಇವೆರಡನ್ನೂ ಬೆರೆಸಿ, ಇಬ್ಬರು ಮಕ್ಕಳಿರುವ ತಾಯಿಯನ್ನು ವಿಶ್ವಾಸಹೀನಳೆಂದು ನೋಡುವುದು ಬೋಧನೆಯಲ್ಲ, ಪೂರ್ವಗ್ರಹ. ವ್ಯಾಟಿಕನ್ನನ್ನು ಸುತ್ತುವರಿದಿರುವ ಇಟಲಿಯಲ್ಲೇ 2024ರಲ್ಲಿ ಫಲವತ್ತತೆ ದರ 1.18ಕ್ಕೆ ಇಳಿದಿತ್ತು. ಪ್ರಬೋಧನೆಯೊಂದರಿಂದಲೇ ತೊಟ್ಟಿಲು ತುಂಬುವಂತಿದ್ದರೆ ರೋಮಿನಲ್ಲಿ ಮೊದಲು ತುಂಬಬೇಕಿತ್ತು.

ಹಣದಿಂದ ತುಂಬಿಸುವ ಪ್ರಯತ್ನಗಳೂ ನಡೆದಿವೆ. ಕೇರಳದ ಪಾಲಾ ಧರ್ಮಪ್ರಾಂತ್ಯ 2021ರಲ್ಲಿ, ಐದು ಅಥವಾ ಹೆಚ್ಚು ಮಕ್ಕಳಿರುವ ಕುಟುಂಬಗಳಿಗೆ ತಿಂಗಳಿಗೆ 1,500 ರೂಪಾಯಿ ಕೊಡುವುದಾಗಿ ಪ್ರಕಟಿಸಿತು. ಉದ್ದೇಶವನ್ನು ನಾವು ಸಂದೇಹಿಸುವುದಿಲ್ಲ. ಬಡ ಕುಟುಂಬಕ್ಕೆ ಅದೂ ಒಂದು ಆಸರೆಯೇ. ಆದರೆ ಐದು ಮಕ್ಕಳ ಶಾಲಾ ವ್ಯಾನಿಗೆ ಅದು ಸಾಕಾದೀತೇ ಎಂದು ಯಾವ ತಾಯಿಯಾದರೂ ಲೆಕ್ಕ ಹಾಕಬಲ್ಲಳು. ಆಂಧ್ರಪ್ರದೇಶ ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಪಂಚಾಯಿತಿಗೆ ಸ್ಪರ್ಧಿಸಬಾರದೆಂಬ 1994ರ ನಿಯಮವನ್ನು 2024ರಲ್ಲಿ ತೆಗೆದುಹಾಕಿತು. ಅದೇ ವರ್ಷ ಅಲ್ಲಿಯ ಮುಖ್ಯಮಂತ್ರಿಗಳು ಹೆಚ್ಚು ಮಕ್ಕಳನ್ನು ಹೆರುವಂತೆ ಕರೆಕೊಟ್ಟರು. ಮೂವತ್ತು ವರ್ಷ ಕಡಿಮೆ ಹೆರಿರೆಂದು, ಆಮೇಲೆ ಹೆಚ್ಚು ಹೆರಿರೆಂದು ಹೇಳಿದರೆ ಸ್ತ್ರೀಯ ಗರ್ಭ ಕಾಲುವೆಯ ತೂಬೇ, ಬೇಕೆಂದಾಗ ಎತ್ತಿ ಬೇಡವೆಂದಾಗ ಇಳಿಸಲು? ಹೆರಿಗೆಗೆ ಪ್ರೋತ್ಸಾಹವೆಂದು ವರ್ಷಗಟ್ಟಲೆ ಅಪಾರ ಹಣ ಸುರಿದ ದಕ್ಷಿಣ ಕೊರಿಯಾದಲ್ಲಿ 2023ರ ದರ 0.72. ಆ ದೇಶದ ಹೆಣ್ಣುಮಕ್ಕಳು ಬಹಳ ಓದಿದವರು. ಆದರೆ ಅಲ್ಲಿಯ ಕಚೇರಿಯ ದುಡಿಮೆಯೂ ಮನೆಯ ಪದ್ಧತಿಯೂ ಅವರ ಓದಿಗೆ ತಕ್ಕಂತೆ ಬದಲಾಗಲಿಲ್ಲ.

ನಮ್ಮ ಮನೆಗಳ ಸ್ಥಿತಿಯೇನು? ಕೇಂದ್ರ ಸರ್ಕಾರದ 2024ರ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಸ್ತ್ರೀ ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲಿ ಕಳೆಯುತ್ತಾಳೆ. ಮನೆಗೆಲಸ ಮಾಡುವ ಗಂಡಸು 88 ನಿಮಿಷ. ಅದೂ, ಮಾಡುವ ಗಂಡಸರು. ಬೆಂಗಳೂರು, ಮದ್ದೂರು, ರಾಮನಗರದ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ನಮ್ಮ ಹೆಣ್ಣುಮಕ್ಕಳು ಬೆಳಕು ಹರಿಯುವ ಮೊದಲೇ ಎದ್ದು ಅಡುಗೆ ಮಾಡಿಟ್ಟು ವ್ಯಾನು ಹತ್ತುತ್ತಾರೆ. ಮೊದಲು ಕೂಸು ನೋಡಿಕೊಳ್ಳುತ್ತಿದ್ದ ಅತ್ತೆ, ನಾದಿನಿ, ತವರಿನ ಅಮ್ಮ ಇವರೆಲ್ಲ ಈಗ ಬೇರೆ ಊರಿನಲ್ಲಿದ್ದಾರೆ, ಇಲ್ಲವೇ ಅವರೂ ದುಡಿಯುತ್ತಿದ್ದಾರೆ. ಮೂರು ತಿಂಗಳ ಬಾಣಂತನಕ್ಕೆ ತವರಿಗೆ ಹೋಗುತ್ತಿದ್ದ ಪದ್ಧತಿ ಹೇಗೋ ಉಳಿದಿದೆ. ನಾಲ್ಕನೆಯ ತಿಂಗಳಿನಿಂದ ಮಗು ಯಾರ ಮಡಿಲಲ್ಲಿ ಎಂಬ ಪ್ರಶ್ನೆಗೆ ಉತ್ತರವಿಲ್ಲದಿರುವಾಗ ಎರಡನೆಯದಕ್ಕೇ ಹಿಂಜರಿಯುವವರಿದ್ದಾರೆ.

ಕಾನೂನು ಕೂಡ ಅರೆಮನಸ್ಸಿನದು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆ ಕೊಟ್ಟಿತು. ಈಗಾಗಲೇ ಇಬ್ಬರು ಮಕ್ಕಳಿದ್ದರೆ ಮುಂದಿನ ಹೆರಿಗೆಗೆ 12 ವಾರ ಮಾತ್ರ. ಐವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೊಠಡಿ ಇರಬೇಕೆಂದೂ ವಿಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ಅಂತರ ಉಳಿದುಕೊಂಡಿದೆ. ಮೂರನೆಯ ಶಿಶು ಮೊದಲಿನವಕ್ಕಿಂತ ಬೇಗ ತಾಯಿಯ ಹಾಲು ಬಿಡುತ್ತದೆಂದು ಶಾಸನ ಬರೆದವರು ಭಾವಿಸಿದ್ದಿರಬೇಕು.

ಆದರೆ 12 ವಾರಕ್ಕಿಂತ ಹೆಚ್ಚು ಕೊಡಬಾರದೆಂದು ಕಾನೂನು ಎಲ್ಲಿಯೂ ಹೇಳಿಲ್ಲ. ಧರ್ಮಪ್ರಾಂತ್ಯಗಳ ಮತ್ತು ಸಂನ್ಯಾಸಿನಿಯರ ಸಭೆಗಳ ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಸ್ತ್ರೀಯರೇ. ಅನುದಾನವಿಲ್ಲದ ಶಾಲೆಯ ಶಿಕ್ಷಕಿ ಬಸುರಿಯೆಂದು ಮುಖ್ಯೋಪಾಧ್ಯಾಯಿನಿಗೆ ಹೇಳಲು ಅಂಜಿ ಐದು ತಿಂಗಳು ಸೆರಗಿನಲ್ಲಿ ಮುಚ್ಚಿಕೊಂಡು ತಿರುಗುವುದನ್ನು ನಾವು ಬಲ್ಲೆವು. ಮುಂದಿನ ಶೈಕ್ಷಣಿಕ ವರ್ಷದ ಆಯವ್ಯಯ ತಯಾರಿಸುವಾಗ ನಮ್ಮ ಶಿಕ್ಷಣ ಮಂಡಳಿಗಳು ಮೂರು ಬಾಬ್ತುಗಳನ್ನು ಸೇರಿಸಲಿ ಎಂದು ಈ ಅಂಕಣದ ಮೂಲಕ ಕೋರುತ್ತೇವೆ: ಮೂರನೆಯ ಹೆರಿಗೆಗೂ 26 ವಾರಗಳ ವೇತನ, ಶಾಲೆಯ ಆವರಣದಲ್ಲಿ ಒಂದು ಶಿಶುಪಾಲನಾ ಕೊಠಡಿ ಮತ್ತು ಅದಕ್ಕೊಬ್ಬ ಆಯಾ, ಒಂದೇ ಮನೆಯ ಮೂರನೆಯ ಮಗುವಿಗೆ ಶುಲ್ಕ ವಿನಾಯಿತಿ. ಹಣವೆಲ್ಲಿಂದ ಎಂಬ ಪ್ರಶ್ನೆ ಬರುವುದು ಸಹಜ. ಹೊಸ ಕಟ್ಟಡಗಳ ಅಂದಾಜುಪಟ್ಟಿ ಹೇಗೂ ಅದೇ ಸಭೆಯ ಮುಂದೆ ಬರುತ್ತದೆ. ಎರಡನ್ನೂ ಒಟ್ಟಿಗೆ ಚರ್ಚೆಗೆ ತೆಗೆದುಕೊಳ್ಳಬಹುದು.